ಕರಡಿಯ ತೀರ್ಪು

ಆ ಬೆಟ್ಟದ ಪ್ರಾಣಿಗಳಿಗೆಲ್ಲ ಕರಡಿಯೇ ನ್ಯಾಯಾಧೀಶ. ಒಂದು ಬೆಳಿಗ್ಗೆ ಕುರಿಯೊಂದು ಓಡೋಡಿ ಬಂದು ಅದರ ಕಾಲಿಗೆ ಬಿತ್ತು.

"ಒಡೆಯಾ, ತೋಳ ನನ್ನ ಮರಿಯನ್ನು ಹೊತ್ತೊಯ್ದು ಗವಿಯಲ್ಲಿ ಕೂಡಿಹಾಕಿದೆ. ಮರಿಯ ಕೂಗು ಇನ್ನೂ ಕೇಳಿಸುತ್ತಿದೆ. ಬೇಗ ಬಿಡಿಸಿಕೊಡಿ."

ಕುರಿ ಬರುವ ಮೊದಲೇ ತೋಳ ಬಂದು ಕರಡಿಗೆ ದೊಡ್ಡದೊಂದು ಜೇನುಹುಟ್ಟು ಕೊಟ್ಟು ಹೋಗಿತ್ತು. ಕರಡಿ ಮೂತಿ ನೆಕ್ಕಿಕೊಂಡು, "ಮರಿ ನಿನ್ನದೇ ಎನ್ನುವುದಕ್ಕೆ ಸಾಕ್ಷಿ ಯಾರು?" ಎಂದು ಕೇಳಿತು.

"ಹೆತ್ತವಳು ನಾನೇ ಹೇಳುತ್ತಿದ್ದೇನೆ, ಒಡೆಯಾ."

"ಅದು ಸಾಲದು. ಬೇರೆ ಯಾರನ್ನಾದರೂ ಕರೆದುಕೊಂಡು ಬಾ. ನಾಳೆ ನೋಡೋಣ."

ತೋಳಕ್ಕೆ ಹೆದರಿ ಯಾರೂ ಸಾಕ್ಷಿಗೆ ಬರಲಿಲ್ಲ. ಸಂಜೆಯ ಹೊತ್ತಿಗೆ ಗವಿಯಿಂದ ಬರುತ್ತಿದ್ದ ಕೂಗು ನಿಂತುಹೋಯಿತು. ಕುರಿ ಆಕಾಶಕ್ಕೆ ಮುಖವೆತ್ತಿ ಗೋಳಾಡಿತು.

ಅದು ದೇವರಿಗೆ ಕೇಳಿಸಿತು. ಆತನ ಕೋಪ ಸಿಡಿಲಾಗಿ ಇಳಿದು ಕರಡಿಯನ್ನೂ ತೋಳವನ್ನೂ ಸುಟ್ಟುಹಾಕಿತು. ಪ್ರಾಣಿಗಳೆಲ್ಲ ಕುಣಿದಾಡಿದವು. ಕುರಿ ಮಾತ್ರ ಗವಿಯ ಬಾಯಲ್ಲಿ ಕೂತು ಅಳುತ್ತಲೇ ಇತ್ತು.

"ನಿನಗೆ ನ್ಯಾಯ ಕೊಟ್ಟೆನಲ್ಲ ತಾಯಿ, ಇನ್ನೂ ಯಾಕೆ ಅಳುತ್ತೀ?" ಎಂದ ದೇವರು.

"ಅದು ಬೆಳಿಗ್ಗೆಯೇ ಸಿಗಬೇಕಿತ್ತು, ಸ್ವಾಮಿ. ಆಗ ನನ್ನ ಮರಿ ಬದುಕಿತ್ತು."

ದೇವರು ಕುರಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟ.