ಉಗ್ರಾಣದ ಬಾಗಿಲು

ಹೊಳೆದಂಡೆಯ ಆ ಮಠದ ಉಗ್ರಾಣಕ್ಕೆ ಈಗಲೂ ಬಾಗಿಲಿಲ್ಲ. ಚೌಕಟ್ಟು ಮಾತ್ರ ಇದೆ.

ಬಾಗಿಲು ನೀರಿನಂಚಿನಲ್ಲಿ ಕಲ್ಲುಗಳ ಮೇಲೆ ಮಲಗಿದೆ. ಗಟ್ಟಿ ಸಾಗವಾನಿ. ಜನ ಅದರ ಮೇಲೆ ಕಾಲಿಟ್ಟು ಹರಿಗೋಲು ಹತ್ತುತ್ತಾರೆ.

ಕಲ್ಮೇಶನಿಗೆ ಈಗ ಎಂಬತ್ತು ದಾಟಿದೆ. ಬೆಳಿಗ್ಗೆ ಸ್ನಾನಕ್ಕಿಳಿಯುವಾಗ ಅಂಗಾಲಿಗೆ ಹಳೆಯ ಚಿಲಕದ ಗುರುತು ಸಿಗುತ್ತದೆ. ಅಲ್ಲೊಂದು ಗಳಿಗೆ ನಿಲ್ಲುತ್ತಾನೆ. ಗುರುಗಳಾದ ಚನ್ನವೀರಜ್ಜನವರ ದನಿ ಇನ್ನೊಮ್ಮೆ ಕೇಳಿಸಬಾರದೇ ಅನ್ನಿಸಿ ಕಣ್ಣು ಒದ್ದೆಯಾಗುತ್ತದೆ. ಬೈದರೂ ಆದೀತು.

ಆಗ ಅವನಿಗೆ ಇಪ್ಪತ್ತೆರಡು. ಅಜ್ಜನವರು ಪರವೂರಿಗೆ ಹೊರಟಾಗ ಮಠದ ಕೀಲಿಕೈ ಗೊಂಚಲನ್ನು ಅವನ ಕೈಗಿತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಕೆಂತಲೇ ಸದ್ದಾಗುವಂತೆ ನಡೆಯುತ್ತಿದ್ದ.

ಅವತ್ತೇ ಅನಾಹುತವಾಯಿತು. ಅಂಬಿಗ ಫಕೀರಪ್ಪ ನಡುಹೊಳೆಯಲ್ಲಿ ಹರಿಗೋಲನ್ನು ಗರಗರ ತಿರುಗಿಸಿ ತನ್ನ ಕೈಚಳಕ ತೋರಿಸಹೋದ. ದಂಡೆಯ ಮೇಲಿದ್ದವರು ಸಿಳ್ಳೆ ಹಾಕಿದರು. ಕಲ್ಮೇಶನೂ ಹಾಕಿದ್ದ. ಹರಿಗೋಲು ಬಂಡೆಗೆ ಬಡಿದು ಅದರ ತೊಗಲು ಹರಿಯಿತು. ಹಾಲು ಮಾರಲು ಅದರಲ್ಲಿ ಹೊರಟಿದ್ದ ಒಂಟಿ ಹೆಂಗಸು ಗಂಗವ್ವನ ಬಲಗೈ ಮುರಿಯಿತು.

ಸಿಳ್ಳೆ ಹಾಕಿದವರೇ ಫಕೀರಪ್ಪನ ಕೈಕಟ್ಟಿ ಮಠಕ್ಕೆ ಎಳೆತಂದರು. ಸೋಮವಾರ ಗೌಡರ ಬಂಡಿಯಲ್ಲಿ ಪಟ್ಟಣದ ಜೈಲಿಗೆ ಕಳಿಸುವುದೆಂದಾಯಿತು. ಹೊಳೆದಂಡೆಯ ಊರಿನ ಏಳು ಮಂದಿ ಆಗಲೇ ಆ ಜೈಲಿನಲ್ಲಿದ್ದರು. ತಿರುಗಿ ಬಂದಿದ್ದ ಒಬ್ಬ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಕಲ್ಮೇಶ ಜೋಳದ ಚೀಲಗಳನ್ನು ಸರಿಸಿ, ಫಕೀರಪ್ಪನನ್ನು ಉಗ್ರಾಣದೊಳಗೆ ದೂಡಿ ಕೀಲಿ ಹಾಕಿದ.

ಸೋಮವಾರ ಬೆಳಿಗ್ಗೆ ಅಜ್ಜನವರು ಬಂದರು. ಹರಿಗೋಲಿಲ್ಲದೆ ಹೊಳೆಯ ಮೇಲಿನ ಕಡೆಯಿಂದ ಸುತ್ತುಹಾಕಿ ನಡೆದು ಬಂದಿದ್ದರು. ಕಲ್ಮೇಶ ಎಲ್ಲವನ್ನೂ ಹೇಳಿದ, ಸಿಳ್ಳೆಯೊಂದನ್ನು ಬಿಟ್ಟು.

"ಗಂಗವ್ವ ಹ್ಯಾಂಗದಾಳ?"

"ಮನಿಯಾಗ ಇರಬೇಕ್ರಿ ಅಜ್ಜಾರ."

"ಆಕಿ ಮುರಿದ ಕೈ ಕಟ್ಟಿದವರು ಯಾರು?"

"ಗೊತ್ತಿಲ್ರಿ."

"ಎಮ್ಮಿ ಹಿಂಡೋರು?"

"ಅದೂ ಗೊತ್ತಿಲ್ರಿ."

"ಮತ್ತ ಮೂರು ದಿನ ನೀ ಏನ್ ಮಾಡ್ದಿ?"

"ಬಾಗಲಾ ಕಾದೇನ್ರಿ. ಅತ್ತಾಗಿತ್ತಾಗ ಹೋಗಿಲ್ರಿ."

ಅಜ್ಜನವರು ಕೀಲಿಕೈ ಇಸಿದುಕೊಂಡು ಬಾಗಿಲು ತೆಗೆದರು. ಇಬ್ಬರನ್ನೂ ಕರೆದುಕೊಂಡು ಗಂಗವ್ವನ ಮನೆಗೆ ನಡೆದರು.

ಅವಳು ಕಟ್ಟೆಯ ಮೇಲೆ ಕೂತಿದ್ದಳು. ಮುಂಗೈ ಊದಿತ್ತು. ಎಡಗೈಯಲ್ಲಿ ಹಿಂಡಲು ಹೋಗಿ ಒದೆ ತಿಂದಿದ್ದಳು. ಎಮ್ಮೆ ಕೆಚ್ಚಲು ಬಿಗಿದು ಒದರುತ್ತಿತ್ತು.

"ಬ್ಯಾಡೋ ಬ್ಯಾಡೋ ಅಂದೆ. ಕೇಳಿದೇನು?" ಅಂದಳು ಫಕೀರಪ್ಪನಿಗೆ.

ಅವನು ಮಣ್ಣಲ್ಲೇ ಕುಸಿದು ಕೂತ. "ಇಲ್ಲವ್ವಾ. ಮಂದಿ ನೋಡಾಕತ್ತಿದ್ರು, ಹಿಗ್ಗಿದೆ. ತಪ್ಪಾತು."

ಕಲ್ಮೇಶ ತಲೆ ತಗ್ಗಿಸಿದ.

"ನಿನಗೇನು ಬೇಕು ಗಂಗವ್ವಾ?" ಅಜ್ಜನವರು ಕೇಳಿದರು.

ಮೂರು ದಿನದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅವಳು ಒದರುತ್ತಿದ್ದ ಎಮ್ಮೆಯ ಕಡೆ ನೋಡಿದಳು.

"ಕೈ ಕೂಡೋತನಕ ಇವ ಎಮ್ಮಿ ಹಿಂಡಬೇಕ್ರಿ. ಎರಡೂ ಹೊತ್ತು. ಮತ್ತ ಆ ಹೊಳಿದಂಡಿ ಕೆಸರು... ಅಲ್ಲಿ ಕಾಲಿಡಾಕ ಈಗ ಅಂಜಿಕಿ ಬರ್ತೈತ್ರಿ."

ಅಜ್ಜನವರು ಕಲ್ಮೇಶನನ್ನು ಮುರಿದ ಕೈ ಕಟ್ಟುವವರನ್ನು ಕರೆತರಲು ಓಡಿಸಿದರು. ಅವನು ಕರೆತಂದು ಬಿಟ್ಟು ಮಠಕ್ಕೆ ಬರುವಷ್ಟರಲ್ಲಿ ಅಜ್ಜನವರು ಉಗ್ರಾಣದ ಬಾಗಿಲು ಕೀಳಿಸಿ ಅಂಗಳದಲ್ಲಿ ಇಡಿಸಿದ್ದರು. ಒಂದು ತುದಿ ಫಕೀರಪ್ಪ ಹಿಡಿದ, ಇನ್ನೊಂದು ತುದಿ ಕಲ್ಮೇಶ. ಹೊಳೆಗಿಳಿಯುವ ಕೆಸರಿನಲ್ಲಿ ಕಲ್ಲು ಜೋಡಿಸಿ ಅದನ್ನು ಹಾಸಿದರು.

ಸಂಜೆ ಗೌಡರ ಬಂಡಿ ಬಂದಾಗ ಫಕೀರಪ್ಪ ಎಮ್ಮೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಗಂಗವ್ವ ತನ್ನ ಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಇವ ಇಲ್ಲೇ ಇರ್ಲಿ. ನನ್ನ ಕಣ್ಣಮುಂದ."

ಬಂಡಿ ಖಾಲಿ ಹೋಯಿತು.

ಕಲ್ಮೇಶನಿಗೆ ಮಾತ್ರ ಸಮಾಧಾನವಿರಲಿಲ್ಲ. ಅಜ್ಜನವರು ಹೊಳೆಯಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದಾಗ ಬಳಿಗೆ ಹೋದ. ಸೊಂಟದಲ್ಲಿ ಕೀಲಿಕೈ ಇಲ್ಲದೆ ಏನೋ ಕಳಕೊಂಡಂತಿತ್ತು.

"ನಾಳಿ ಇನ್ನೊಬ್ಬ ತಪ್ಪು ಮಾಡಿದ್ರ ಏನ್ ಮಾಡೂದ್ರಿ ಅಜ್ಜಾರ? ಬಾಗಲಾನೇ ಇಲ್ಲಲ್ರಿ."

ಅಜ್ಜನವರು ಇನ್ನೊಂದು ಕಾಲನ್ನೂ ತೊಳೆದುಕೊಂಡರು.

"ಮೂರು ದಿನ ಬಾಗಲಾ ಇತ್ತಲ್ಲೋ ಕಲ್ಮೇಶಾ. ಎಮ್ಮಿ ಹಿಂಡಿತೇನು?"