ಕಂಡದ್ದು, ಕೇಳಿದ್ದು

"ಅಯ್ನೋರೇ, ತಪ್ಪು ಬರ್ದೆ ಅಂತ ಬರ್ದೋನೇ ಒಪ್ಕೊಂಡ್ರೆ, ಓದೋರು ಅವನನ್ನ ಮುಂದಕ್ಕೂ ನಂಬ್ತಾರಾ?"

ಕೇಳಿದೋನು ಗುರುಮಲ್ಲು, ಮಠದ ತಿಂಗಳ ಪತ್ರಿಕೆ ಬರೆಯೋ ಶಿಷ್ಯ. ಹೋದ ಸಂಚಿಕೇಲಿ ಕೆರೆ ಹೂಳೆತ್ತಿದ್ದು ಮೇಲಿನ ಕೇರಿಯೋರು ಅಂತ ಹೊಗಳಿ ಬರ್ದಿದ್ದ. ಹೂಳೆತ್ತಿದ್ದು ಕೆಳಗಿನ ಕೇರಿ ಹೆಂಗಸ್ರು. ಮೇಲಿನ ಕೇರಿಯೋರು ಎತ್ತಿದ್ದು ಕಾಫಿ ಲೋಟ. ಈಗ ಹೊಸ ಸಂಚಿಕೆ ಅಚ್ಚಿಗೆ ಹೋಗ್ಬೇಕು. ತಿದ್ದಿ ಬರ್ದ್ರೆ ಮರ್ಯಾದೆ ಹೋಯ್ತದೆ, ಸುಮ್ನಿದ್ರೆ ಯಾರಿಗೆ ನೆನಪಿರ್ತದೆ ಅಂತ ಅವನ ಒಳಲೆಕ್ಕ.

ಮಠದ ಗುರು ಅಯ್ನೋರು ಅವನನ್ನ ಎದುರಿಗೆ ಕೂರಿಸ್ಕೊಂಡ್ರು. ಕತೆ ಹೇಳುದ್ರು.

ಹೊಳೆ ದಡದಲ್ಲಿ ಒಂದೂರು. ಆ ಊರಿನ ಗಿರಣಿ ಗೋಡೇಲಿ ಒಂದು ಕರಿಹಲಗೆ. ಒಬ್ಬ ದಿನಾ ಬೆಳಗ್ಗೆ ಅದ್ರ ಮೇಲೆ ಊರ ಸುದ್ದಿ ಬರೆಯೋನು. ಕರೆಂಟು ಯಾವಾಗ ಹೋಯ್ತದೆ, ಯಾರ ಮನೆ ಎಮ್ಮೆ ತಪ್ಪಿಸ್ಕೊಂಡದೆ, ಎಲ್ಲಾ. ಸಂಬಳ ಇಲ್ಲ, ಸಾರಿಲ್ಲ. ಆದ್ರೂ ಜನ ಮುಖ ತೊಳೆಯೋಕೆ ಮುಂಚೆ ಹಲಗೆ ನೋಡೋರು. ಅವನಿಗೆ ಅದೇ ಹಬ್ಬದೂಟ.

ಒಂದಿನ ಚಿಕ್ಕಬೋರಯ್ಯ ಅನ್ನೋ ಮುದುಕನ ಸೊಸೆ ಜಗಲಿ ಮೇಲೆ ಕೂತು ಕಣ್ಣೊರೆಸ್ಕೊತಿದ್ಲು. ಹಲಗೆಯೋನು ದಾರೀಲಿ ನಿಂತು, ಮಾವನೋರು ಹೆಂಗವ್ರೆ ಅಂದ.

"ಮಾವ ಬೆಳಗಿನ ಜಾವಾನೇ ಹೋದ್ರಲ್ಲ ಕಣಣ್ಣ."

ಮನೆಯಿಂದ ಹೊರಟೋರನ್ನ ಹೋದ್ರು ಅನ್ಬಾರ್ದು, ಹೋಗಿಬರ್ತಾರೆ ಅನ್ಬೇಕು. ಆ ಹೆಣ್ಣಿಗೆ ತವರಲ್ಲಿ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಕಣ್ಣಲ್ಲಿದ್ದ ನೀರು ಈರುಳ್ಳಿದು. ಇವನು ಒಳಗೆ ಇಣುಕಿ ನೋಡ್ಲಿಲ್ಲ. ಊರಿಗೆಲ್ಲ ಮೊದ್ಲು ತಾನೇ ಹೇಳ್ಬೇಕು ಅನ್ನೋ ಆತುರ. ಆ ಚಟ ಯಾರಿಗಿಲ್ಲ ಬಿಡಿ. ಹೋಗಿ, ಚಿಕ್ಕಬೋರಯ್ಯನವರು ಶಿವನ ಪಾದ ಸೇರಿದರು ಅಂತ ದಪ್ಪಕ್ಷರದಲ್ಲಿ ಬರ್ದ.

ಗಿರಣಿ ನಿಂತೋಯ್ತು. ಸೊಸೆ ಓಡ್ಬಂದು ಓದುದ್ಲು. ಮಗಳ ಊರಿಗೆ ಅಂತ ಆ ಮಾವನ್ನ ಬಸ್ಸು ಹತ್ತಿಸಿದೋಳು ಅವಳೇ. ಆದ್ರೂ, ದಾರೀಲಿ ಏನೋ ಆಗದೆ, ಹಲಗೆ ಸುಳ್ಳು ಹೇಳ್ತದಾ ಅಂತ ಎದೆ ಬಡ್ಕೊಂಡ್ಲು. ಅಂಥಾ ನಂಬಿಕೆ. ಸಂಜೆ ಬಸ್ಸಲ್ಲಿ ಹಲಸಿನಹಣ್ಣು ಹೊತ್ಕೊಂಡು ಇಳಿದ ಚಿಕ್ಕಬೋರಯ್ಯ ತನ್ನ ಮನೆ ಮುಂದೆ ಚಟ್ಟಕ್ಕೆ ಬಿದಿರು ಕಟ್ತಿದ್ದೋರನ್ನ ನೋಡಿ, ಪಾಪ ಯಾರು ಹೋದೋರು ಅಂತ ವಿಚಾರಿಸ್ದ.

ಹಲಗೆಯೋನಿಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಹೆಂಡ್ತಿ ಬುದ್ಧಿ ಹೇಳುದ್ಲು: ಒದ್ದೆ ಬಟ್ಟೇಲಿ ಒರೆಸ್ಬಿಡು, ಕೇಳುದ್ರೆ ಆ ಸೊಸೆ ಹೇಳಿದ್ದು ಅನ್ನು. ಅವನು ಬಟ್ಟೆ ಅದ್ದಿ ಹಲಗೆ ಒರೆಸ್ದ. ಆಮೇಲೆ ಅದೇ ಜಾಗದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ಬರ್ದ: ಚಿಕ್ಕಬೋರಯ್ಯನವರು ಬದುಕಿದ್ದಾರೆ. ಹೋಗಿ ನೋಡದೆ ಬರೆದೆ. ತಪ್ಪು ನನ್ನದು.

ಜನ ಬಿಡ್ತಾರಾ? ಎದುರಿಗೆ ಸಿಕ್ಕಿದೋರೆಲ್ಲ, ಏನಪ್ಪಾ, ನಾನು ಇವತ್ತು ಬದುಕಿದೀನಾ, ಹಲಗೆ ನೋಡಿ ಹೇಳು ಅನ್ನೋರು. ಅವನು ತಲೆ ತಗ್ಗಿಸ್ಕೊಂಡು ಬರೀತಾನೇ ಹೋದ. ಒಂದು ಮಾತ್ರ ಹೊಸದು. ಪ್ರತಿ ಸುದ್ದಿ ಕೊನೇಲೂ ಕಂಡದ್ದು ಅಂತಲೋ ಕೇಳಿದ್ದು ಅಂತಲೋ ಸೇರಿಸೋನು.

ಮಳೆಗಾಲ ಬಂತು. ಊರಲ್ಲಿ ಬಿಸಿಲು, ಮಳೆ ಎಲ್ಲೋ ಮೇಲ್ಗಡೆ. ಅವತ್ತು ಹಲಗೇಲಿ, ಹೊಳೆ ಏರುತ್ತಿದೆ, ದಡದವರು ಮನೆ ಬಿಡಿ, ಕಂಡದ್ದು ಅಂತಿತ್ತು. ಚಿಕ್ಕಬೋರಯ್ಯ ಆ ಕಂಡದ್ದು ಅನ್ನೋದು ಓದಿದೋನೇ ಚಾಪೆ ಸುತ್ತಿ, ಸೊಸೆ ಕೈ ಹಿಡ್ದು ದಿಬ್ಬ ಹತ್ತುದ. ಸತ್ತು ಬದುಕಿದೋನೇ ಎದ್ದ ಮೇಲೆ ಇನ್ಯಾರು ಕೂರ್ತಾರೆ? ಕೇರಿಗೆ ಕೇರಿನೇ ಎದ್ದೋಯ್ತು. ಹೊತ್ತು ನೆತ್ತಿಗೆ ಬರೋದ್ರೊಳಗೆ ದಡದ ಮನೆಗಳ ಕಿಟಕೀಲಿ ನೀರು ಆಡ್ತಿತ್ತು.

ಅಯ್ನೋರು ನಿಲ್ಲಿಸುದ್ರು. ಗುರುಮಲ್ಲು ಮುಖ ಅರಳ್ತು.

"ಹಂಗಾದ್ರೆ ಅಷ್ಟೊತ್ತಿಗೆ ಜನ ಅವನ ತಪ್ಪು ಮರ್ತಿದ್ರು ಅನ್ನಿ."

ಅಯ್ನೋರು ಅವನ ಕೈಲಿದ್ದ ಹಾಳೆ ಕಡೆ ನೋಡುದ್ರು.

"ಮರ್ತಿದ್ರೆ ಒಬ್ಬನೂ ಏಳ್ತಿರ್ಲಿಲ್ಲ ಕಣೋ."