ಮೂವತ್ತಾರು ಸಲ ಹೊಸದೇನಿಲ್ಲ

“ಅಕ್ಕೋರೇ, ಎಷ್ಟು ನಿಮಿಷಕ್ಕೊಮ್ಮೆ ಹೋಗಿ ನೋಡಿದರೆ ಸಾಕು?”

ಕೇಳಿದವಳು ನಾಗವೇಣಿ. ಕೇಳಿಸಿಕೊಂಡವರು ಚಂಪಾವತಿ ಅಕ್ಕೋರು. ಅವರು ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತೆಂಟು ವರ್ಷ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಹಳೆಯ ಶಿಷ್ಯರು ಪ್ರೋಗ್ರಾಮ್ ಕೆಟ್ಟಾಗ ಅವರ ಮನೆಗೆ ಬರುತ್ತಾರೆ, ಕೆಡದಿದ್ದಾಗ ಬರುವುದಿಲ್ಲ. ಅಕ್ಕೋರಿಗೆ ಅದರ ಬಗ್ಗೆ ದೂರಿಲ್ಲ.

ನಾಗವೇಣಿಯ ಕೆಲಸ ಇಷ್ಟು. ರಕ್ತನಿಧಿಗಳು ಯಾವ ಗುಂಪಿನ ರಕ್ತ ಎಲ್ಲಿ ಬೇಕಾಗಿದೆ ಎಂಬ ಕೋರಿಕೆಗಳನ್ನು ತಮ್ಮ ಜಾಲತಾಣದ ಫೀಡಿನಲ್ಲಿ ಹಾಕುತ್ತವೆ. ಫೀಡ್ ಎಂದರೆ ಕಚೇರಿಯ ಮುಂದಿನ ಸೂಚನಾ ಫಲಕವಿದ್ದ ಹಾಗೆ. ಅದು ಯಾರನ್ನೂ ಕರೆಯುವುದಿಲ್ಲ. ಬೇಕಾದವರು ಹೋಗಿ ನೋಡಿಕೊಳ್ಳಬೇಕು. ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ದಾಟಿಸುವುದಕ್ಕೆಂದೇ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್ ಇದೆ. ಅದನ್ನು ಬಳಸಿ ನಾಗವೇಣಿ ಒಂದು ಪ್ರೋಗ್ರಾಮ್ ಬರೆದಿದ್ದಳು. ಅದು ಆಗಾಗ ಫೀಡಿನ ಬಳಿ ಹೋಗುತ್ತಿತ್ತು. ಹೊಸ ಕೋರಿಕೆ ಕಂಡರೆ ಆ ಗುಂಪಿನ ದಾನಿಗಳ ಫೋನಿಗೆ ಸಂದೇಶ ಕಳಿಸುತ್ತಿತ್ತು.

ಮೊದಲು ಗಂಟೆಗೊಮ್ಮೆ ಹೋಗುತ್ತಿತ್ತು. ಸಾಲದು ಎನಿಸಿ ಹದಿನೈದು ನಿಮಿಷಕ್ಕೆ ಇಳಿಸಿದಳು. ಈಗ ನಿಮಿಷಕ್ಕೊಮ್ಮೆ. ಆದರೂ ಮನಸ್ಸು ನಿಲ್ಲದು. ಬಸ್ಸಿನಲ್ಲಿ ಕೂತರೂ ಫೋನ್ ತೆಗೆದು, ಪ್ರೋಗ್ರಾಮ್ ಹೋಗಿ ನೋಡಿತೋ ಇಲ್ಲವೋ ಎಂದು ತಾನು ನೋಡುತ್ತಾಳೆ. ಊಟದ ನಡುವೆ ಎದ್ದು ನೋಡುತ್ತಾಳೆ. ಮೂವತ್ತು ಸೆಕೆಂಡಿಗೆ ಇಳಿಸಿದರೆ ನೆಮ್ಮದಿಯಾದೀತೇ ಎಂದು ಕೇಳಲು ಬಂದಿದ್ದಳು.

ಅಕ್ಕೋರು ನಿಮಿಷ ಹೇಳಲಿಲ್ಲ. ಕತೆ ಹೇಳಿದರು.

ಒಂದು ಹೊಳೆ. ಹೊಳೆಗೆ ಅಣೆಕಟ್ಟು. ಅಣೆಕಟ್ಟಿನ ಕೆಳಗೆ ಅರ್ಧ ಗಂಟೆಯ ನೀರಿನ ಹಾದಿಯಲ್ಲಿ ಒಂದು ನಡುಗಡ್ಡೆ. ನೀರು ಕಡಿಮೆ ಇದ್ದಾಗ ಕಾಲ್ನಡಿಗೆಯಲ್ಲೇ ದಾಟಬಹುದು. ಅಲ್ಲಿ ಹುಲ್ಲು ಚೆನ್ನಾಗಿತ್ತು. ಒಬ್ಬ ಕುರಿಗಾರ ದಿನವೂ ತನ್ನ ಕುರಿಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದ. ಗೇಟು ತೆರೆದರೆ ನಡುಗಡ್ಡೆ ಮುಳುಗುತ್ತದೆ. ಕುರಿಗಳನ್ನು ಕೂಡಿಸಿ ಈಚೆ ದಂಡೆಗೆ ದಾಟಿಸಲು ಅವನಿಗೆ ಎರಡೂವರೆ ಗಂಟೆ ಬೇಕು.

ಗೇಟು ತೆರೆಯುವ ಮೂರು ಗಂಟೆ ಮೊದಲು ಅಣೆಕಟ್ಟಿನ ಕಚೇರಿ ಫೀಡಿನಲ್ಲಿ ಸೂಚನೆ ಹಾಕುತ್ತಿತ್ತು. ಕುರಿಗಾರನಿಗೆ ಫೀಡ್ ಗೊತ್ತಿಲ್ಲ. ಗೊತ್ತಿದ್ದವನು ಒಬ್ಬ ಪ್ರೋಗ್ರಾಮರ್. ಅವನು ಕೆಳಗಿನ ಊರುಗಳ ಜನರ ನಂಬರುಗಳನ್ನು ಬರೆದುಕೊಂಡ. ಗಂಟೆಗೊಮ್ಮೆ ಹೋಗಿ ಸೂಚನೆ ತರುವ ಪ್ರೋಗ್ರಾಮ್ ಬರೆದ. ಯಾರೂ ಅವನನ್ನು ಕೇಳಿರಲಿಲ್ಲ. ಒಳ್ಳೆಯ ಮನುಷ್ಯ.

ಕುರಿಗಾರ ತನ್ನ ನಂಬರು ಬರೆಸಲು ಬಂದ. ಸೂಚನೆ ಬಂದ ಎಷ್ಟು ಹೊತ್ತಿಗೆ ತನಗೆ ತಿಳಿಯುತ್ತದೆ ಎಂದು ಕೇಳಿದ. ಹೆಚ್ಚೆಂದರೆ ಒಂದು ಗಂಟೆ ಎಂದ ಪ್ರೋಗ್ರಾಮರ್. ಕುರಿಗಾರ ಬೆರಳು ಮಡಚಿ ನೋಡಿದ. ಮೂರರಲ್ಲಿ ಒಂದು ಹೋದರೆ ಎರಡು, ನೀರು ಬರುವ ಅರ್ಧ ಸೇರಿದರೆ ಎರಡೂವರೆ, ದಾಟಿಸಲಿಕ್ಕೂ ಎರಡೂವರೆ. ನಡುವೆ ಒಂದು ಮರಿ ಮೊಂಡು ಹಿಡಿದರೂ ಮುಗಿಯಿತು ಎಂದು ಹೇಳಿ ಹೋದ.

ಅಂದಿನಿಂದ ಪ್ರೋಗ್ರಾಮರನ ನೆಮ್ಮದಿ ಹೋಯಿತು. ಗಂಟೆಯನ್ನು ಅರ್ಧ ಗಂಟೆ ಮಾಡಿದ. ಅರ್ಧ ಗಂಟೆಯನ್ನು ಹತ್ತು ನಿಮಿಷ ಮಾಡಿದ. ಹತ್ತು ನಿಮಿಷದಲ್ಲಿ ಒಂಬತ್ತು ನಿಮಿಷ ಏನೂ ನೋಡದೆ ಇರುತ್ತೇನಲ್ಲ ಎಂದು ಒಂದು ನಿಮಿಷ ಮಾಡಿದ. ಕೊನೆಗೆ ಹತ್ತು ಸೆಕೆಂಡ್. ಅಣೆಕಟ್ಟಿನ ಕಚೇರಿಯ ಕಂಪ್ಯೂಟರ್ ಅವನಿಗೆ ಬಾಗಿಲು ಹಾಕಿತು. ಕಚೇರಿಯ ಗುಮಾಸ್ತ ಫೋನ್ ಮಾಡಿದ.

“ಏನ್ರೀ, ನಾವು ಇಲ್ಲಿ ವಾರಕ್ಕೆ ಎರಡು ಸೂಚನೆ ಹಾಕಿದರೆ ಹೆಚ್ಚು. ನೀವು ದಿನಕ್ಕೆ ಎಂಟು ಸಾವಿರ ಸಲ ಬಂದು ಇಣುಕಿ ಹೋಗ್ತೀರಿ. ಹೊಸ ಅಳಿಯನೂ ಮಾವನ ಮನೆಗೆ ಇಷ್ಟು ಬರೋದಿಲ್ಲ.”

ಮಾತುಕತೆಯಾಗಿ ಐದು ನಿಮಿಷಕ್ಕೆ ಒಪ್ಪಂದವಾಯಿತು.

ಆಮೇಲೆ ಇನ್ನೊಂದು ತೊಡಕು. ಫಲಕದ ಮೇಲಿನ ಹಳೆಯ ಚೀಟಿಯನ್ನು ಯಾರೂ ಕಿತ್ತಿರುವುದಿಲ್ಲ. ಪ್ರೋಗ್ರಾಮ್ ಹೋದಾಗಲೆಲ್ಲ ಅದನ್ನೂ ಓದಿ ಬಂದು ಮತ್ತೆ ಕಳಿಸುತ್ತಿತ್ತು. ಒಂದೇ ಸೂಚನೆ ಗಂಟೆಗೆ ಹನ್ನೆರಡು ಸಲ. ಕುರಿಗಾರ ಆ ವಾರ ಮೂರು ಸಲ ಸುಮ್ಮನೆ ಕುರಿ ದಾಟಿಸಿದ. ನಾಲ್ಕನೆಯ ಸಲ ದಾಟಿಸದೆ ನೇರ ಪ್ರೋಗ್ರಾಮರನ ಮನೆಗೆ ಬಂದ. ಕುರಿಗಳಿಗೂ ಈಗ ನಿಮ್ಮ ಹೆಸರು ಗೊತ್ತಾಗಿದೆ ಎಂದ. ಬೈಗುಳವನ್ನು ಅವನು ಅಷ್ಟು ಮರ್ಯಾದೆಯಿಂದ ಹೇಳುತ್ತಿದ್ದ.

ಅವನು ಬಳಸಿದ್ದೂ ನಾಗವೇಣಿಯದೇ ಫ್ರೇಮ್‌ವರ್ಕ್. ಇದಕ್ಕೆ ಮದ್ದು ಆ ಫ್ರೇಮ್‌ವರ್ಕಿನಲ್ಲೇ ಇತ್ತು. ಒಂದು ಪದ ಬರೆದರೆ ಸಾಕು, ನಾಗವೇಣಿಯೂ ಅದನ್ನು ಬರೆದಿದ್ದಳು. ಬರೆದರೆ, ಪ್ರೋಗ್ರಾಮ್ ತಾನು ಕೊನೆಗೆ ನೋಡಿದ ಸೂಚನೆಯ ದಿನಾಂಕ ಮತ್ತು ಗಂಟೆಯನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕಿಂತ ಈಚಿನದು ಹೊಸದು. ಅದಕ್ಕಿಂತ ಹಿಂದಿನದು ಹಳೆಯದು, ಬಿಟ್ಟು ಬರುವುದು. ಪ್ರೋಗ್ರಾಮರ್ ಆ ಪದ ಬರೆದ. ಮರುದಿನದಿಂದ ಒಂದು ಸೂಚನೆಗೆ ಒಂದೇ ಸಂದೇಶ. ಕುರಿಗಾರ ಒಂದು ಚೊಂಬು ಹಾಲು ತಂದುಕೊಟ್ಟ. ಪ್ರೋಗ್ರಾಮ್ ಪ್ರತಿ ಸಲ ಹೋಗಿ ಬಂದು ಒಂದು ಸಾಲು ಬರೆದಿಡುತ್ತಿತ್ತು. ಹೆಚ್ಚಾಗಿ ಆ ಸಾಲು, ‘ಹೊಸದೇನಿಲ್ಲ’. ಪ್ರೋಗ್ರಾಮರ್ ಅದನ್ನು ಓದುತ್ತ ಕೂರುತ್ತಿದ್ದ. ಐದು ನಿಮಿಷ ಕಳೆದು ಆ ಸಾಲು ಬರುವುದು ಹತ್ತು ಸೆಕೆಂಡ್ ತಡವಾದರೆ ಎದ್ದು ನಿಲ್ಲುತ್ತಿದ್ದ. ಬಂದರೆ ಕೂರುತ್ತಿದ್ದ. ಹೀಗೆ ಎರಡು ಮಳೆಗಾಲ ಎದ್ದು ಕೂತ.

ಕಚೇರಿಗಳಿಗೆ ಒಂದು ಪದ್ಧತಿ ಇದೆ. ಆದೇಶದ ಮೇಲೆ ಬೀಳುವುದು ಸಾಹೇಬರು ಸಹಿ ಮಾಡಿದ ಹೊತ್ತು. ಅದು ಹೊರಗೆ ಬಂದ ಹೊತ್ತನ್ನು ಯಾರೂ ಬರೆಯುವುದಿಲ್ಲ. ಕಡತ ಎಷ್ಟು ಮೇಜು ಸುತ್ತಿದರೂ ಸಹಿಯ ಹೊತ್ತೇ ಅದರ ಹೊತ್ತು.

ಮೂರನೆಯ ಮಳೆಗಾಲ. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಅಣೆಕಟ್ಟಿನ ಇಂಜಿನಿಯರ್ ಆದೇಶಕ್ಕೆ ಸಹಿ ಮಾಡಿದ. ಮಧ್ಯಾಹ್ನ ಎರಡಕ್ಕೆ ಗೇಟು ತೆರೆಯುವುದು. ಕಡತ ಮುದ್ರೆಗೆ ಇನ್ನೊಂದು ಮೇಜಿಗೆ ಹೋಯಿತು. ಆ ಮೇಜಿನವನು ಚಹಾಕ್ಕೆ ಹೋಗಿದ್ದ. ಹತ್ತಕ್ಕೆ ಬೇರೆ ಒಂದು ಸೂಚನೆ ಫೀಡಿಗೆ ಬಿತ್ತು. ಕಚೇರಿಯ ಅತಿಥಿಗೃಹಕ್ಕೆ ಸುಣ್ಣ ಬಳಿಯುವುದರಿಂದ ಈ ವಾರ ಕೋಣೆ ಸಿಗುವುದಿಲ್ಲ. ಪ್ರೋಗ್ರಾಮ್ ಹೋಯಿತು, ನೋಡಿತು, ಗೇಟಿನ ಮಾತಲ್ಲವೆಂದು ಯಾರಿಗೂ ಕಳಿಸಲಿಲ್ಲ, ಆದರೆ ಗಂಟೆಯನ್ನು ನೆನಪಿಟ್ಟುಕೊಂಡಿತು. ಹತ್ತು.

ಗೇಟಿನ ಸೂಚನೆಯನ್ನು ಗುಮಾಸ್ತ ಹನ್ನೊಂದಕ್ಕೆ ಫೀಡಿಗೆ ಹಾಕಿದ. ಪದ್ಧತಿಯಂತೆ ಅದರ ಮೇಲೆ ಸಹಿಯ ಹೊತ್ತು ಹಾಕಿದ. ಒಂಬತ್ತು.

ಪ್ರೋಗ್ರಾಮ್ ತಪ್ಪದೆ ಹೋಯಿತು. ಸೂಚನೆ ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಇತ್ತು. ಪ್ರೋಗ್ರಾಮ್ ಅದರ ಗಂಟೆ ನೋಡಿತು. ಒಂಬತ್ತು ಹತ್ತಕ್ಕಿಂತ ಹಿಂದಿನದು. ಹಳೆಯದು. ಬಿಟ್ಟು ಬಂತು. ಐದು ನಿಮಿಷ ಬಿಟ್ಟು ಮತ್ತೆ ಹೋಯಿತು. ಮತ್ತೆ ನೋಡಿತು. ಮತ್ತೆ ಬಿಟ್ಟು ಬಂತು. ಹನ್ನೊಂದರಿಂದ ಎರಡರವರೆಗೆ ಮೂವತ್ತಾರು ಸಲ.

ಪ್ರೋಗ್ರಾಮರ್ ಅಂದು ಬೆಳಗಿನಿಂದ ಕಂಪ್ಯೂಟರ್ ಬಿಟ್ಟು ಎದ್ದಿರಲಿಲ್ಲ. ಮೋಡ ಕವಿದಿತ್ತು, ಅವನಿಗೆ ಭಯವಿತ್ತು. ಐದೈದು ನಿಮಿಷಕ್ಕೆ ಸಾಲು ಬಂತು. ಹೊಸದೇನಿಲ್ಲ. ಹೊಸದೇನಿಲ್ಲ. ಒಂದೂ ತಡವಾಗಲಿಲ್ಲ. ಹೆಂಡತಿ ಊಟಕ್ಕೆ ಕರೆದರೆ ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡ.

ನಡುಗಡ್ಡೆಯಲ್ಲಿ ಕುರಿಗಾರ ಫೋನನ್ನು ರುಮಾಲಿನಲ್ಲಿ ಸುತ್ತಿ ಇಟ್ಟುಕೊಂಡಿದ್ದ. ಮೊದಲೆಲ್ಲ ಅವನು ನೀರನ್ನು ನೋಡುತ್ತಿದ್ದ. ಬಣ್ಣ ಕದಡಿದರೆ, ನೊರೆಯ ಜೊತೆ ಕಡ್ಡಿ ಕಸ ತೇಲಿ ಬಂದರೆ, ಕುರಿ ಎಬ್ಬಿಸುತ್ತಿದ್ದ. ಎರಡು ಮಳೆಗಾಲದಿಂದ ಅವನು ಫೋನನ್ನು ನೋಡುತ್ತಿದ್ದ. ಎರಡೂವರೆಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು. ಅವನು ರುಮಾಲು ಬಿಚ್ಚಿ ನೋಡಿದ. ಏನೂ ಬಂದಿರಲಿಲ್ಲ. ಮತ್ತೆ ಕಟ್ಟಿಕೊಂಡ. ಕಟ್ಟಿಕೊಂಡು ತಲೆ ಎತ್ತುವಷ್ಟರಲ್ಲಿ ನೀರು ಕಾಲಿನ ಬಳಿ ಇತ್ತು.

ಸಂಜೆ ಅಂಬಿಗನೊಬ್ಬ ಹರಿಗೋಲು ಹಾಕಿ ಅವನನ್ನು ಜಾಲಿಮರದ ಮೇಲಿನಿಂದ ಇಳಿಸಿಕೊಂಡು ಬಂದ. ಎರಡು ಮರಿಗಳನ್ನು ಕುರಿಗಾರ ಹೆಗಲ ಮೇಲೆ ಹಿಡಿದುಕೊಂಡಿದ್ದ. ಉಳಿದ ಕುರಿಗಳನ್ನು ಹೊಳೆ ಒಯ್ದಿತ್ತು.

ಮರುದಿನ ಅವನು ಪ್ರೋಗ್ರಾಮರನ ಮನೆಗೆ ಬಂದ. ಜಗಳಕ್ಕೆ ಬಂದವನ ಹಾಗೆ ಇರಲಿಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಬಂದವನ ಹಾಗಿದ್ದ.

“ನಿನ್ನೆ ನಿಮ್ಮ ಯಂತ್ರ ಹೋಗಿರಲಿಲ್ಲವೇನ್ರಿ ಸಾಹೇಬ್ರೆ?”

“ಹೋಗಿತ್ತು. ಮೂವತ್ತಾರು ಸಲ ಹೋಗಿತ್ತು.”

“ಚೀಟಿ ಅಲ್ಲಿರಲಿಲ್ಲವೇ?”

“ಇತ್ತು.”

ಕುರಿಗಾರ ಬೆರಳು ಮಡಚಿ ಲೆಕ್ಕ ಹಾಕಿದ. ಲೆಕ್ಕ ಕೂಡಿಬರಲಿಲ್ಲ.

“ಮೂವತ್ತಾರು ಸಲ ನೋಡಿದ್ದನ್ನು ನನಗೆ ಒಂದು ಸಲ ಹೇಳಬಹುದಿತ್ತಲ್ಲ” ಎಂದು ಹೊರಟುಹೋದ.

ಅಕ್ಕೋರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ನಾಗವೇಣಿ ಕತೆಯ ನಡುವೆ ಎರಡು ಸಲ ಫೋನ್ ತೆಗೆದು ನೋಡಿದ್ದಳು. ಅವಳ ಪ್ರೋಗ್ರಾಮ್ ಸರಿಯಾಗಿಯೇ ಹೋಗಿಬರುತ್ತಿತ್ತು. ಗುಮಾಸ್ತನದು ತಪ್ಪು ಎನ್ನಬಹುದು, ಆ ಮುದ್ರೆಯವನದೂ ತಪ್ಪು ಎನ್ನಬಹುದು ಎಂದು ಅವಳು ಹೇಳಿದಳು. ಅಕ್ಕೋರು ಅನ್ನಬಹುದು ಎಂದರು. ಅವಳು ತಡೆಯಲಾರದೆ ಕೇಳಿದಳು.

“ಆಮೇಲೆ ಆ ಪ್ರೋಗ್ರಾಮರ್ ಎಷ್ಟು ನಿಮಿಷಕ್ಕೆ ಇಟ್ಟ ಅಕ್ಕೋರೇ?”

ಅಕ್ಕೋರು ಅವಳ ಕೈಯಲ್ಲಿದ್ದ ಫೋನಿನ ಕಡೆ ನೋಡಿದರು.

“ನಿನ್ನದು ಇವತ್ತು ಎಷ್ಟು ಕೋರಿಕೆಗಳನ್ನು ಹಳೆಯದೆಂದು ಬಿಟ್ಟು ಬಂತು, ಅದನ್ನು ಹೇಳು.”

ನಾಗವೇಣಿ ಫೋನಿನಲ್ಲಿ ಹುಡುಕಿದಳು. ಎಷ್ಟು ಸಲ ಹೋಗಿಬಂತು ಎಂಬುದು ಇತ್ತು, ಬಿಟ್ಟು ಬಂದದ್ದರ ಲೆಕ್ಕ ಎಲ್ಲೂ ಇರಲಿಲ್ಲ.